ಹಿಟ್ಟಿನ ಕೋಳಿಯೂ ಇರುಳಿನ ಊಟವೂ

ಜನ್ನ ಕವಿಯ ‘ಯಶೋಧರ ಚರಿತೆ’ 1209ರಲ್ಲಿ ರಚಿತವಾದ ಕಾವ್ಯ. ಅದರ ಕಥೆ ಕೇಳುಗರಲ್ಲಿ ಹಲವರಿಗೆ ಪರಿಚಿತವಾದದ್ದೇ. ದುಃಸ್ವಪ್ನ ಕಂಡೆನೆಂದು ಹೇಳಿದ ಮಗನಿಗೆ, ದೇವಿಗೆ ಪ್ರಾಣಿಬಲಿ ಕೊಡೆಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಜೀವವಧೆಗೆ ಒಪ್ಪದ ಯಶೋಧರ ತಾಯಿಯ ಮಾತನ್ನೂ ಮೀರಲಾರದೆ, ಹಿಟ್ಟಿನಿಂದ ಮಾಡಿದ ಕೋಳಿಯೊಂದನ್ನು ಕಡಿಯುತ್ತಾನೆ. ಕತ್ತಿಗೆ ಸಿಕ್ಕಿದ್ದು ಹಿಟ್ಟು; ಆದರೆ ಸಂಕಲ್ಪ ಹಿಂಸೆಯದು. ಆ ಸಂಕಲ್ಪದ ಫಲವಾಗಿ ತಾಯಿಮಕ್ಕಳು ಹಲವು ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಆ ಜನ್ಮಗಳ ಕೊನೆಗೆ ಕೋಳಿಗಳಾಗಿಯೇ ಹುಟ್ಟುತ್ತಾರೆ. ಈ ಹಿಟ್ಟಿನ ಕೋಳಿಯನ್ನು ಪಂಡಿತರು ‘ಪಿಷ್ಟಕುಕ್ಕುಟ’ ಎಂದು ಕರೆಯುವುದು ರೂಢಿ. ಪಿಷ್ಟವೆಂದರೆ ಹಿಟ್ಟು, ಕುಕ್ಕುಟವೆಂದರೆ ಕೋಳಿ.

ನಾಲ್ಕು ದಶಕ ಈ ಕಾವ್ಯವನ್ನು ತರಗತಿಗಳಲ್ಲಿ ಪಾಠ ಹೇಳಿದ ನನಗೆ, ‘ಪಿಷ್ಟ’ ಎಂಬ ಶಬ್ದ ಮತ್ತೊಂದು ಅರ್ಥದಲ್ಲಿ ಎದುರಾದದ್ದು ನಿವೃತ್ತಿಯ ನಂತರ, ವೈದ್ಯರ ಮುಂದೆ. ರಕ್ತದಲ್ಲಿನ ಸಕ್ಕರೆಯ ಅಳತೆಯನ್ನು ನೋಡಿದ ಅವರು, ರಾತ್ರಿಯ ಊಟದಲ್ಲಿ ಪಿಷ್ಟವನ್ನು ಕಡಿಮೆ ಮಾಡಬೇಕೆಂದೂ, ರೊಟ್ಟಿ ಅನ್ನಗಳ ಜಾಗದಲ್ಲಿ ಸೊಪ್ಪು, ತರಕಾರಿ, ಮೊಸರು, ಬೇಕಾದರೆ ಕೋಳಿಯ ಮಾಂಸ ಇರಲೆಂದೂ, ಹೊತ್ತಿಗೆ ಮುಂಚೆ ಉಣ್ಣಬೇಕೆಂದೂ ಹೇಳಿದರು. ಯಶೋಧರ ಕೋಳಿಯನ್ನು ಬಿಟ್ಟು ಹಿಟ್ಟನ್ನು ಹಿಡಿದವನು; ನನಗೆ ದೊರೆತ ಉಪದೇಶ ಹಿಟ್ಟನ್ನು ಬಿಟ್ಟು ಕೋಳಿಯನ್ನು ಹಿಡಿಯೆಂಬುದು.

ನಗುವ ಮಾತು ಅಷ್ಟಕ್ಕೇ ಇರಲಿ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಈ ಸೀಮೆಯಲ್ಲಿ ರೊಟ್ಟಿ ಇಲ್ಲದ ಊಟವನ್ನು ಊಟವೆಂದು ಯಾರೂ ಎಣಿಸುವುದಿಲ್ಲ. ಹೀಗಿರುವಾಗ ಕಾಳು ಕಡಿಮೆ ಮಾಡಿ, ಖಾರದ ಕೋಳಿಯನ್ನು ಸಂಜೆಯೇ ಉಂಡು ಮುಗಿಸುವುದು ಪರದೇಶದಿಂದ ಬಂದ ಹೊಸ ಷೋಕಿಯೇ, ಅಥವಾ ಈ ನೆಲದ ಚರಿತ್ರೆಯಲ್ಲಿ ಅದಕ್ಕೆ ಬೇರುಗಳಿವೆಯೇ? ಇಂದು ವಿಚಾರ ಮಾಡಬೇಕೆಂದಿರುವುದು ಇದನ್ನೇ.

ಮೊದಲು ಕಾಳಿನ ಮಾತು. ಪ್ರಾಚೀನ ಶಾಸನಗಳಲ್ಲಿ ಗದಗು, ಲಕ್ಕುಂಡಿ, ಅಣ್ಣಿಗೇರಿಗಳ ನಾಡಿಗೆ ‘ಬೆಳ್ವೊಲ ಮುನ್ನೂರು’ ಎಂದು ಹೆಸರು. ಲಕ್ಷ್ಮೇಶ್ವರದ ಸುತ್ತಲಿನದು ‘ಪುಲಿಗೆರೆ ಮುನ್ನೂರು’. ಬೆಳ್ವೊಲವೆಂದರೆ ಬೆಳೆಯ ಹೊಲ. ಹೆಸರಿನಲ್ಲಿಯೇ ಪೈರನ್ನು ಧರಿಸಿದ ನಾಡು ಇದು. ಎರೆಯ ಭೂಮಿಯ ಬಿಳಿಜೋಳ ಇಲ್ಲಿಯ ಒಕ್ಕಲಿಗನ ತೋಳಿಗೆ ಬಲ ಕೊಟ್ಟಿದೆ. ಆದರೆ ಮಳೆಯನ್ನು ನಂಬಿದ ಈ ನೆಲ ಬರವನ್ನೂ ಚೆನ್ನಾಗಿ ಬಲ್ಲದು. 1791-92ರ ಡೋಗಿ ಬರ, 1876ರಿಂದ 78ರವರೆಗಿನ ಧಾತು ಸಂವತ್ಸರದ ದೊಡ್ಡ ಬರ ಇವುಗಳ ನೆನಪು ಅಜ್ಜಿಯರ ಬಾಯಿಯಿಂದ ಬಾಯಿಗೆ ಇಳಿದು ಬಂದಿದೆ. ಕಾಳು ಇದ್ದವನು ಬದುಕಿದ, ಇಲ್ಲದವನು ಗುಳೆ ಹೋದ. ಅಂಥ ಜನಕ್ಕೆ ‘ಕಾಳು ಕಡಿಮೆ ಉಣ್ಣಿರಿ’ ಎಂದು ಹೇಳುವ ನಾಲಿಗೆಗೆ ವಿನಯ ಬೇಕು. ಹಗಲೆಲ್ಲ ಹರಗಿ, ಕಳೆ ತೆಗೆದು, ಹೊರೆ ಹೊತ್ತು ಬಂದ ಆಳಿಗೆ ಎರಡು ರೊಟ್ಟಿ ಹೆಚ್ಚಲ್ಲ. ಅವನ ಮೈ ಅದನ್ನು ಕೇಳುತ್ತದೆ, ಕೆಲಸ ಅದನ್ನು ಕರಗಿಸುತ್ತದೆ. ನನ್ನ ಮಾತು ಕುರ್ಚಿಯಲ್ಲಿ ಕುಳಿತು ದಿನ ಕಳೆಯುವ ನನ್ನಂಥ ಪೇಟೆಯವರನ್ನು ಕುರಿತದ್ದು. ನಾವು ಒಕ್ಕಲಿಗನ ಊಟವನ್ನು ಉಳಿಸಿಕೊಂಡೆವು. ಅವನ ದುಡಿಮೆಯನ್ನು ಬಿಟ್ಟೆವು.

ಇನ್ನೊಂದು ಬದಲಾವಣೆಯೂ ನಡೆದಿದೆ. ರೊಟ್ಟಿಯಿದ್ದ ಗಂಗಾಳದಲ್ಲಿ ಅಕ್ಕಿಯ ಅನ್ನದ ಪಾಲು ಹಿಗ್ಗುತ್ತ ಬಂದಿದೆ. ಹಿಂದೆ ಈ ಭಾಗದ ಬಡವರ ಮನೆಯಲ್ಲಿ ಅನ್ನವೆಂದರೆ ಹಬ್ಬ. ನ್ಯಾಯಬೆಲೆಯ ಅಂಗಡಿಗಳು ಬಂದವು. 2013ರ ಜುಲೈನಲ್ಲಿ ಅನ್ನಭಾಗ್ಯ ಯೋಜನೆ ಆರಂಭವಾಯಿತು. ಹಸಿವು ಹಿಂದೆ ಸರಿಯಿತು. ಅದು ಸಣ್ಣ ಉಪಕಾರವಲ್ಲ. ಆದರೆ ಎರಡು ಕಾಳುಗಳಿಗೂ ಇರುವ ಅಂತರವನ್ನು ತಿಳಿದಿರಬೇಕು. ನೂರು ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ ಪಿಷ್ಟ, 10 ಗ್ರಾಂ ನಾರು. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಪಿಷ್ಟ ಸುಮಾರು 78 ಗ್ರಾಂ, ನಾರು 3 ಗ್ರಾಂಗಿಂತಲೂ ಕಡಿಮೆ. ನಾರು ತಗ್ಗಿದಷ್ಟೂ ಸಕ್ಕರೆ ಬೇಗ ರಕ್ತಕ್ಕೆ ಇಳಿಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಧುಮೇಹವುಳ್ಳವರು ಸುಮಾರು 10 ಕೋಟಿ 10 ಲಕ್ಷ. ಬರದ ಭಯದಿಂದ ಗಂಗಾಳ ತುಂಬಿಸಿಕೊಂಡ ಜನಕ್ಕೆ ಈಗ ತುಂಬಿದ ಗಂಗಾಳದ ಭಯ.

ಇನ್ನು ಹೊತ್ತಿನ ಮಾತು. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ‘ಕವಿರಾಜಮಾರ್ಗ’ವು ಕನ್ನಡದ ತಿರುಳು ಇರುವ ನಾಲ್ಕು ನೆಲೆಗಳಲ್ಲಿ ಇದನ್ನೂ ಎಣಿಸಿದೆ, ಪಂಪನು ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳುಗನ್ನಡವೆಂದು ಅಭಿಮಾನದಿಂದ ಹೇಳಿಕೊಂಡಿದ್ದಾನೆ. ಇದೇ ಊರು ಜೈನರ ದೊಡ್ಡ ಕ್ಷೇತ್ರವೂ ಆಗಿತ್ತು. ಶಂಖ ಬಸದಿ ಇಂದಿಗೂ ಅದಕ್ಕೆ ಸಾಕ್ಷಿಯಾಗಿ ನಿಂತಿದೆ. ಪಕ್ಕದ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಬ್ರಹ್ಮ ಜಿನಾಲಯವನ್ನು ಕಟ್ಟಿಸಿದಳು. ಜೈನ ಗೃಹಸ್ಥರ ಆಚಾರಗಳಲ್ಲಿ ರಾತ್ರಿಭೋಜನ ತ್ಯಾಗ ಮುಖ್ಯವಾದದ್ದು. ಹೊತ್ತು ಮುಳುಗುವ ಮುನ್ನ ಉಂಡು ಮುಗಿಸಬೇಕು. ದೀಪದ ಬೆಳಕಿಗೆ ಬರುವ ಹುಳುಹುಪ್ಪಟೆಗಳು ಅಡಿಗೆಯಲ್ಲಿ ಬಿದ್ದು ಸಾಯಬಾರದೆಂಬ ಜೀವದಯೆ ಅದರ ಮೂಲ. ಮೈಯ ಆರೋಗ್ಯ ಅವರ ಮೊದಲ ಗುರಿಯಲ್ಲ. ಆದರೆ ಒಂದೇ ಬಗೆಯ ಊಟ ಬೆಳಗಿನಲ್ಲಿ ಏರಿಸುವುದಕ್ಕಿಂತ ಹೆಚ್ಚಾಗಿ ರಾತ್ರಿಯಲ್ಲಿ ರಕ್ತದ ಸಕ್ಕರೆಯನ್ನು ಏರಿಸುತ್ತದೆಂಬುದನ್ನು ಇಂದಿನ ವೈದ್ಯವಿಜ್ಞಾನ ಪ್ರಯೋಗಗಳಿಂದ ಕಂಡುಕೊಂಡಿದೆ. ಹುಳುವಿನ ಮೇಲಿನ ಕರುಣೆ ಮನುಷ್ಯನ ಜೀವವನ್ನೂ ಕಾಯ್ದಿತೆನ್ನಬಹುದು.

ಜೈನರಲ್ಲದವರೂ ಹಿಂದೆ ತಡವಾಗಿ ಉಣ್ಣುತ್ತಿರಲಿಲ್ಲ. ಎಣ್ಣೆ ದುಬಾರಿ, ದೀಪ ಮಂಕು, ನಸುಕಿನಲ್ಲಿ ಎತ್ತಿಗೆ ಮೇವು ಹಾಕುವ ಕೆಲಸ. ದನ ಮನೆಗೆ ಬಂದ ಮೇಲೆ ಹಾಲು ಕರೆದು, ರೊಟ್ಟಿ ಬಡಿದು, ಉಂಡು, ಕಟ್ಟೆಯ ಮೇಲೆ ಕುಳಿತು ನಾಲ್ಕು ಮಾತಾಡಿ ಮಲಗುವುದು ಹಳ್ಳಿಯ ಕ್ರಮ. ರಾತ್ರಿ ಹತ್ತು ಗಂಟೆಯ ಊಟ ವಿದ್ಯುದ್ದೀಪ ತಂದ ಪದ್ಧತಿ. ಅದನ್ನು ಸಂಪ್ರದಾಯವೆಂದು ಕರೆಯುವಂತಿಲ್ಲ.

ಹಾಗಾದರೆ ಕೋಳಿ? ಇಲ್ಲಿ ಸಾಹಿತ್ಯದ ವಿದ್ಯಾರ್ಥಿಗೆ ಒಂದು ತೊಡಕು ಎದುರಾಗುತ್ತದೆ. ಕನ್ನಡದಲ್ಲಿ ಪಾಕಶಾಸ್ತ್ರಕ್ಕೆ ದೀರ್ಘ ಪರಂಪರೆಯಿದೆ. 11ನೆಯ ಶತಮಾನದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡಿಗೆಯ ವಿಚಾರವಿದೆ, 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನೇ ಬರೆದ. ಮಂಗರಸ ಜೈನ. ಅವನ ಗ್ರಂಥದಲ್ಲಿ ಬದನೆಗೆ, ಹಲಸಿಗೆ, ಬಾಳೆಗೆ ಸಿಕ್ಕ ಗೌರವ ಕೋಳಿಗೆ ಸಿಗುವಂತಿರಲಿಲ್ಲ. ಬರೆದವರು ತಿನ್ನಲಿಲ್ಲ, ತಿಂದವರು ಬರೆಯಲಿಲ್ಲ. ಮಾಂಸದ ಅಡಿಗೆ ಹೆಂಗಸರ ಕೈಯಲ್ಲಿ, ಒಲೆಯಿಂದ ಒಲೆಗೆ ದಾಟುತ್ತ, ಅಕ್ಷರದ ಹೊರಗೆ ಉಳಿಯಿತು.

ಬರೆದವನೊಬ್ಬನಿದ್ದಾನೆ, ಆದರೆ ಸಂಸ್ಕೃತದಲ್ಲಿ ಬರೆದ. ಕಲ್ಯಾಣದ ಚಾಲುಕ್ಯ ದೊರೆ ಭೂಲೋಕಮಲ್ಲ ಮೂರನೆಯ ಸೋಮೇಶ್ವರ 1126ರಿಂದ 1138ರವರೆಗೆ ಆಳಿದವನು. ಬೆಳ್ವೊಲ, ಪುಲಿಗೆರೆಗಳು ಅವನ ರಾಜ್ಯದ ಹೃದಯಭಾಗ. ಅವನ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ಹಂದಿ, ಜಿಂಕೆ, ಕುರಿ, ಹಕ್ಕಿ, ಮೀನುಗಳ ಅಡಿಗೆಗಳು ಎಣಿಸಲಾಗದಷ್ಟಿವೆ. ಮಾಂಸದ ತುಂಡುಗಳನ್ನು ಕಂಬಿಗೆ ಸಿಕ್ಕಿಸಿ ಕೆಂಡದ ಮೇಲೆ ಸುಡುವುದು, ಇಂಗಿನ ನೀರು ಚಿಮುಕಿಸುವುದು, ಮೆಣಸು ಜೀರಿಗೆ ಶುಂಠಿ ಸೈಂಧವಗಳನ್ನು ಹಚ್ಚುವುದು, ಹುಳಿ ಹಿಂಡುವುದು ಇವೆಲ್ಲ ಅಲ್ಲಿವೆ. ಕೋಳಿ ಅದೇ ಗ್ರಂಥದಲ್ಲಿ ಕಾಳಗದ ವಿನೋದಕ್ಕೂ ಬರುತ್ತದೆ. ಈ ಅಡಿಗೆಗಳಲ್ಲಿ ಹಲವು, ಹಿಟ್ಟಿನ ನೆರವಿಲ್ಲದೆ, ಕೇವಲ ಮಾಂಸ ಮಸಾಲೆಗಳಿಂದ ಸಿದ್ಧವಾಗುತ್ತಿದ್ದವು. ಪಿಷ್ಟವಿಲ್ಲದ ಖಾರದ ಮಾಂಸ ಈ ನೆಲಕ್ಕೆ ಒಂಬತ್ತು ನೂರು ವರ್ಷಗಳಷ್ಟು ಹಳೆಯದು.

ಆದರೆ ಆ ಖಾರ ಇಂದಿನ ಖಾರವಲ್ಲ. ಸೋಮೇಶ್ವರನ ಅಡಿಗೆಮನೆಯಲ್ಲಿ ಮೆಣಸಿನಕಾಯಿ ಇರಲಿಲ್ಲ. ಅದು ಅಮೆರಿಕ ಖಂಡದ ಗಿಡ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರ ಹಡಗುಗಳ ಹಾದಿಯಲ್ಲಿ ನಮ್ಮ ಕಡೆಗೆ ಬಂತು. ಇದನ್ನು ನಮ್ಮ ಭಾಷೆಯೇ ಹೇಳುತ್ತದೆ. ‘ಮೆಣಸು’ ಎಂಬುದು ಮಲೆನಾಡಿನ ಬಳ್ಳಿಯ ಕಾಳಿಗೆ ಇದ್ದ ಹೆಸರು. ಹೊಸ ಕಾಯಿ ಅದೇ ಉರಿಯನ್ನು ತಂದಿದ್ದರಿಂದ ಅದು ‘ಮೆಣಸಿನ ಕಾಯಿ’ ಆಯಿತು. ತಮಿಳರ ಮಿಳಗು ಮಿಳಗಾಯ್‌ಗೆ, ತೆಲುಗರ ಮಿರಿಯಂ ಮಿರಪಕಾಯಕ್ಕೆ ಹೀಗೆಯೇ ತನ್ನ ಹೆಸರನ್ನು ಕೊಟ್ಟಿತು. ಕ್ರಮೇಣ ಅತಿಥಿಯೇ ಯಜಮಾನನಾಗಿ, ಮೂಲದ ಮೆಣಸು ತನ್ನನ್ನು ಗುರುತಿಸಿಕೊಳ್ಳಲು ‘ಕಾಳುಮೆಣಸು’ ಎಂಬ ವಿಶೇಷಣವನ್ನು ತೊಡಬೇಕಾಯಿತು. ‘ಖಾರ’ ಎಂಬ ಶಬ್ದವೂ ಸಂಸ್ಕೃತದ ‘ಕ್ಷಾರ’ದಿಂದ ಬಂದದ್ದು, ಉಪ್ಪು, ಸೌಳುಗಳ ರುಚಿಯನ್ನು ಸೂಚಿಸುತ್ತಿದ್ದ ಮಾತು ಉರಿಯ ಅರ್ಥಕ್ಕೆ ಸರಿದಿದೆ. ಷಡ್ರಸಗಳ ಪಟ್ಟಿಯಲ್ಲಿ ಈ ರುಚಿಯ ಹೆಸರು ‘ಕಟು’.

ಪರದೇಶದ ಈ ಕಾಯಿ ನಮ್ಮ ಎರೆಮಣ್ಣಿಗೆ ಎಷ್ಟು ಒಗ್ಗಿತೆಂದರೆ, ಗದಗ, ಶಿರಹಟ್ಟಿ, ಮುಂಡರಗಿಗಳ ಹೊಲಗಳಲ್ಲಿ ಉಳ್ಳಾಗಡ್ಡಿ, ಮೆಣಸಿನಗಿಡ, ಹತ್ತಿ ಮೂರನ್ನೂ ಒಂದೇ ಹೊಲದಲ್ಲಿ ಬೆಳೆಯುವ ಪದ್ಧತಿ ನೆಲೆಗೊಂಡಿತು. ಮೊದಲು ಉಳ್ಳಾಗಡ್ಡಿ ಕೀಳುತ್ತಾರೆ, ಆಮೇಲೆ ಮೆಣಸಿನಕಾಯಿ ಬಿಡಿಸುತ್ತಾರೆ, ಕೊನೆಗೆ ಹತ್ತಿ. ಇಲ್ಲಿಯ ಸುಕ್ಕುಗಟ್ಟಿದ ಕೆಂಪು ಕಾಯಿ ಬ್ಯಾಡಗಿಯ ಪೇಟೆಯ ಹೆಸರಿನಿಂದ ಪ್ರಸಿದ್ಧವಾಗಿದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಅದರ ಗುಣವನ್ನು ಗಮನಿಸಬೇಕು: ಬಣ್ಣ ಅಪಾರ, ಉರಿ ಮಿತ. ಕಣ್ಣಿಗೆ ಬೆಂಕಿಯಂತೆ ಕಂಡರೂ ನಾಲಿಗೆಗೆ ಸೌಮ್ಯ. ಗುಂಟೂರಿನ ಕಾಯಿಯ ಸ್ವಭಾವ ಬೇರೆ.

ಬೆಟಗೇರಿಯ ಹೆಸರೆತ್ತಿದ ಮೇಲೆ ಸಾವಜಿಯವರನ್ನು ನೆನೆಯದಿದ್ದರೆ ಮಾತು ಅಪೂರ್ಣ. ಗದಗ-ಬೆಟಗೇರಿ, ಹುಬ್ಬಳ್ಳಿಗಳಲ್ಲಿ ನೆಲೆಸಿರುವ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರು ತಮ್ಮನ್ನು ನರ್ಮದಾ ತೀರದ ಮಾಹಿಷ್ಮತಿಯ ಕಾರ್ತವೀರ್ಯಾರ್ಜುನನ ಸಂತತಿಯೆಂದು ನಂಬುತ್ತಾರೆ. ಮನೆಯ ಮಾತು ಬೇರೆ, ಪೇಟೆಯ ಮಾತು ಕನ್ನಡ. ಕುಲದ ಕಸಬು ನೇಯ್ಗೆ. ಅವರ ಮನೆಯ ಮಾಂಸದ ಅಡಿಗೆ ಖಾನಾವಳಿಗಳ ಮೂಲಕ ಉತ್ತರ ಕರ್ನಾಟಕದ ಪೇಟೆ ಪೇಟೆಗೂ ಹಬ್ಬಿತು. ‘ಸಾವಜಿ ಖಾನಾವಳಿ’ ಎಂಬ ಹಲಗೆ ಕಂಡರೆ ಒಳಗೆ ಏನು ಸಿಗುತ್ತದೆಂದು ಇಲ್ಲಿ ಯಾರೂ ಕೇಳಬೇಕಾಗಿಲ್ಲ. ಹುರಿದ ಕೊಬ್ಬರಿ, ಬೆಳ್ಳುಳ್ಳಿ, ಧನಿಯಾ, ಲವಂಗ, ಕೆಂಪು ಖಾರ, ಮೇಲೆ ತೇಲುವ ಕೆಂಪು ಎಣ್ಣೆ. ಇದರ ಬಗ್ಗೆ ಹೊರಗಿನವರಿಗೆ ಭಯವೇ ಹೆಚ್ಚು. ನಾನು ಬಲ್ಲಂತೆ, ಖಾನಾವಳಿಯ ಅಡಿಗೆಗೂ ಆ ಸಮಾಜದ ಮನೆಗಳ ಅಡಿಗೆಗೂ ಅಂತರವಿದೆ. ಮನೆಯ ಒಲೆಯ ಮೇಲೆ ಎಣ್ಣೆಯೂ ಉರಿಯೂ ಹದದಲ್ಲಿರುತ್ತವೆ. ಮಸಾಲೆಯ ಘಮವೇ ಮುಂದಾಗಿರುತ್ತದೆ. ಖಾನಾವಳಿಯಲ್ಲಿ ಎಣ್ಣೆ ಹೆಚ್ಚಾದದ್ದು ಗಿರಾಕಿಯ ಚಪಲದಿಂದ. ಖಾರವನ್ನೇ ದೂರುವವರು ಈ ಭೇದವನ್ನು ಅರಿಯಬೇಕು.

ಕೋಳಿಯೂ ಹಿಂದೆ ನಿತ್ಯದ ಊಟವಾಗಿರಲಿಲ್ಲ. ಕೋಳಿ ಊರಿಗೆ ಬಂದ ಬಗೆಯನ್ನು ಕುರಿತು ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಸ್ವಾರಸ್ಯವಾಗಿದೆ. ಆಗ್ನೇಯ ಏಷ್ಯದಲ್ಲಿ, ಸುಮಾರು 3500 ವರ್ಷಗಳ ಹಿಂದೆ, ಮನುಷ್ಯ ಒಣಭೂಮಿಯಲ್ಲಿ ಭತ್ತ, ನವಣೆಯಂಥ ಕಾಳುಗಳನ್ನು ಬೆಳೆಯತೊಡಗಿದಾಗ, ಚೆಲ್ಲಿದ ಕಾಳಿನ ಆಸೆಗೆ ಕಾಡಿನ ಕೆಂಪು ಕೋಳಿ ಹೊಲದ ಅಂಚಿಗೆ ಬಂದಿತಂತೆ. ಕಾಳಿನ ಬೆನ್ನು ಹತ್ತಿ ಬಂದ ಹಕ್ಕಿ ಅದು. ನಮ್ಮ ಹಳ್ಳಿಗಳ ಜವಾರಿ ಕೋಳಿಯೂ ಹಾಗೆಯೇ ತಿಪ್ಪೆ, ಕಣಗಳಲ್ಲಿ ಆಯ್ದು ತಿಂದು ಬೆಳೆದದ್ದು. ಹುಂಜ ಹೊತ್ತು ಹೇಳಬೇಕು, ಹೇಂಟೆ ತತ್ತಿ ಇಡಬೇಕು. ಬೀಗರು ಬಂದರೆ, ಬಾಣಂತಿಗೆ ಬೇಕಾದರೆ ಮಾತ್ರ ಅದರ ಮೇಲೆ ಕೈ. ಒಂದು ಕೋಳಿ, ಹತ್ತು ಜನ, ಬುಟ್ಟಿ ತುಂಬ ರೊಟ್ಟಿ: ಇದು ಹಳೆಯ ಪ್ರಮಾಣ. ಕಳೆದ ನಾಲ್ಕೈದು ದಶಕಗಳಲ್ಲಿ ಬೆಳೆದ ಫಾರಂ ಕೋಳಿಯ ಉದ್ಯಮ ಆ ಪ್ರಮಾಣವನ್ನು ತಿರುಗಿಸಿತು. ಕುರಿಮಾಂಸಕ್ಕಿಂತ ಅಗ್ಗವಾಗಿ ಕೋಳಿ ದೊರೆಯತೊಡಗಿತು. ಆದರೆ ನಾವು ಕೋಳಿಯನ್ನು ಹೆಚ್ಚಿಸಿದೆವೇ ಹೊರತು ರೊಟ್ಟಿ ಅನ್ನವನ್ನು ತಗ್ಗಿಸಲಿಲ್ಲ. ಎರಡು ಕಾಲದ ಊಟವನ್ನು ಒಂದೇ ಹೊಟ್ಟೆಗೆ ತುಂಬಿಸಿದೆವು.

ಈಗ ಅಡಿಗೆಮನೆಗೆ ಬರೋಣ. ನಮ್ಮ ಮನೆಯಲ್ಲಿ ಸಂಜೆಯ ಕೋಳಿ ಎರಡು ಬಗೆಯಲ್ಲಿ ಆಗುತ್ತದೆ. ಒಂದು, ಹೊಸ ಖಾರದ್ದು. ನಾಲ್ವರಿಗೆ ಮುಕ್ಕಾಲು ಕಿಲೋ ಕೋಳಿ, ತೊಗಲು ತೆಗೆದದ್ದು. ಎಂಟು ಹತ್ತು ಬ್ಯಾಡಗಿ ಮೆಣಸಿನಕಾಯಿಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಹುರಿದ ಧನಿಯಾ, ಜೀರಿಗೆ, ಎರಡು ಲವಂಗ, ಚೂರು ದಾಲ್ಚಿನ್ನಿ, ಎರಡು ಚಮಚ ಒಣಕೊಬ್ಬರಿ, ಬೆಳ್ಳುಳ್ಳಿ, ಶುಂಠಿಗಳೊಡನೆ ನುಣ್ಣಗೆ ಅರೆಯಬೇಕು. ಎರಡೇ ಚಮಚ ಎಣ್ಣೆಯಲ್ಲಿ ಉಳ್ಳಾಗಡ್ಡಿ ಕೆಂಪಾದ ಮೇಲೆ ಅರಿಷಿಣ, ಉಪ್ಪು ಹಚ್ಚಿದ ಕೋಳಿಯನ್ನು ಹಾಕಿ, ಮುಚ್ಚಿ, ಅದರದೇ ನೀರಿನಲ್ಲಿ ಅರ್ಧ ಬೇಯಿಸಿ, ಬಳಿಕ ಮಸಾಲೆ ಸೇರಿಸಿ ಆರುವವರೆಗೆ ಕುದಿಸಬೇಕು. ರಸ ಗಟ್ಟಿಯಾಗಲೆಂದು ಪುಟಾಣಿ ಹಿಟ್ಟು ಬೆರೆಸುವ ರೂಢಿ ಹಲವು ಮನೆಗಳಲ್ಲುಂಟು, ಅದನ್ನು ಬಿಡಬೇಕು. ಕೊಬ್ಬರಿ, ಉಳ್ಳಾಗಡ್ಡಿಗಳೇ ಸಾಕಷ್ಟು ಗಟ್ಟಿ ಮಾಡುತ್ತವೆ. ಇನ್ನೊಂದು, ಹಳೆಯ ಖಾರದ್ದು. ಕುಟ್ಟಿದ ಕಾಳುಮೆಣಸು, ಜೀರಿಗೆ, ಶುಂಠಿ, ಚಿಟಿಕೆ ಇಂಗು, ಕರಿಬೇವು, ಸೈಂಧವ. ಇವನ್ನು ಮೊಸರಿನಲ್ಲಿ ಕಲಸಿ ಕೋಳಿಗೆ ಹಚ್ಚಿ, ಒಂದು ತಾಸು ಬಿಟ್ಟು, ಕಾವಲಿಯ ಮೇಲೆ ಹುರಿದು, ಲಿಂಬೆ ಹಿಂಡುವುದು. ಇದನ್ನು ತಿನ್ನುವಾಗ ಸೋಮೇಶ್ವರನ ಅಡಿಗೆಭಟ್ಟರ ನೆನಪು ನನಗೆ ಬರುತ್ತದೆ.

ಪಕ್ಕದಲ್ಲಿ ಏನಿರಬೇಕೆಂಬುದಕ್ಕೆ ನಾವು ಪರದೇಶಕ್ಕೆ ಹೋಗಬೇಕಿಲ್ಲ. ಹಸಿ ತಪ್ಪಲನ್ನು ಊಟದೊಡನೆ ತಿನ್ನುವ ಪದ್ಧತಿ ಈ ಸೀಮೆಯ ಹೆಮ್ಮೆ. ಎಳೆ ಮೆಂತ್ಯದ ಸೊಪ್ಪು, ಹಕ್ಕರಕಿ, ಮೂಲಂಗಿ, ಸವತೆಕಾಯಿ, ಉಳ್ಳಾಗಡ್ಡಿಯ ಪಚಡಿ, ಒಂದು ಬಟ್ಟಲು ಮೊಸರು. ಮೆಣಸಿನಕಾಯಿಯ ಉರಿ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಆದ್ದರಿಂದ ಖಾರ ಹತ್ತಿದಾಗ ನೀರಿಗಿಂತ ಮೊಸರು ಹಿತ. ಹೊಟ್ಟೆ ತುಂಬಲಿಲ್ಲವೆನಿಸಿದರೆ ಅರ್ಧ ರೊಟ್ಟಿ. ಏಳು ಗಂಟೆಯೊಳಗೆ ಊಟ, ಆಮೇಲೆ ಅರ್ಧ ತಾಸು ನಡಿಗೆ. ಆದರೆ ಸಕ್ಕರೆಯ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಕಾಳನ್ನು ಒಮ್ಮೆಲೇ ತಗ್ಗಿಸಬಾರದು; ಸಕ್ಕರೆ ಅಪಾಯಕ್ಕೆ ಇಳಿಯಬಹುದು. ಮೂತ್ರಪಿಂಡದ ತೊಂದರೆಯುಳ್ಳವರು ಮಾಂಸದ ಪ್ರಮಾಣವನ್ನೂ ಅವರಿಂದಲೇ ತಿಳಿಯಬೇಕು.

ಮಾಂಸ ಮುಟ್ಟದವರು ಈ ಮಾತಿನಿಂದ ಬೇಸರಪಡಬೇಕಾಗಿಲ್ಲ. ಅವರಿಗೆ ಮೊಸರಿದೆ, ಮೊಳಕೆಯ ಕಾಳಿದೆ, ತಪ್ಪಲಿದೆ. ಹೊತ್ತಿಗೆ ಮುಂಚೆ ಉಣ್ಣುವ ನಿಯಮವಂತೂ ಅವರ ಹಿರಿಯರೇ ಕೊಟ್ಟದ್ದು. ಬಸದಿಯೂ ಮಸೀದಿಯೂ ಇರುವ ಲಕ್ಷ್ಮೇಶ್ವರ, ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಶಿರಹಟ್ಟಿಯ ಫಕೀರೇಶ್ವರ ಮಠ, ನೇಕಾರರ ಬೆಟಗೇರಿ, ಇವುಗಳ ನಡುವೆ ಬದುಕಿದವರಿಗೆ ಪರರ ಗಂಗಾಳವನ್ನು ಇಣುಕಿ ನೋಡುವ ಚಟ ಇರಬಾರದು.

ನನ್ನ ವಿಚಾರದ ಫಲ ಇಷ್ಟು. ಸಂಪ್ರದಾಯವೆಂದು ನಾವು ಹಿಡಿದು ಕುಳಿತ ಗಂಗಾಳ ಒಂದೇ ಕಾಲದಲ್ಲಿ ಬಡಿಸಿದ್ದಲ್ಲ. ಅದರಲ್ಲಿಯ ಖಾರ ನಾಲ್ಕೈದು ಶತಮಾನದ್ದು. ಅನ್ನದ ರಾಶಿಯೂ ಅಗ್ಗದ ಕೋಳಿಯೂ ನಮ್ಮ ಕಣ್ಣೆದುರಿಗೇ ಬಂದವು. ರಾತ್ರಿ ಹತ್ತರ ಊಟ ವಿದ್ಯುತ್ತಿನದು. ಬೆಳ್ವೊಲದ ಹಿರಿಯರು ತಮ್ಮ ದುಡಿಮೆಗೆ ತಕ್ಕಂತೆ ಉಂಡರು. ನಮ್ಮ ದುಡಿಮೆಗೆ ತಕ್ಕಂತೆ ನಾವು ಉಂಡರೆ ಅವರ ದಾರಿಯನ್ನೇ ಹಿಡಿದಂತೆ. ಗಂಗಾಳದಲ್ಲಿಯ ಪದಾರ್ಥ ಬೇರೆಯಾದ ಮಾತ್ರಕ್ಕೆ ದಾರಿ ಬೇರೆಯಾಗುವುದಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯಲ್ಲಿ ಏನು ಉಣ್ಣಬೇಕೆಂಬ ಪಟ್ಟಿಯಿಲ್ಲ. ‘ಬಲ್ಲವ’ ಎಂಬ ಮಾತಿದೆ. ತನ್ನ ಮೈಯನ್ನೂ ಹೊತ್ತನ್ನೂ ಬಲ್ಲವನೆಂದು ಅದರ ಅರ್ಥ.